ಸದ್ದಡಗಿದ ಟರ್ಬೈನಿನತ್ತ: ಗಾಳಿಯ ಲೆಕ್ಕ ಮತ್ತು ಬೆಂಗಳೂರಿನ ಪಾಲು

ಬೆಂಗಳೂರಿಗೆ ಎರಡನೆಯ ವಿಮಾನ ನಿಲ್ದಾಣ ಎಲ್ಲಿ ಬರಬೇಕು ಎಂಬ ಚರ್ಚೆ 2025ರಲ್ಲಿ ಬಿರುಸಾಯಿತು. ರಾಜ್ಯ ಸರ್ಕಾರ ಪರಿಶೀಲನೆಗೆ ಮುಂದಿಟ್ಟ ಮೂರು ಜಾಗಗಳಲ್ಲಿ ಎರಡು ಕನಕಪುರ ರಸ್ತೆಯ ಕಡೆಗಿದ್ದವು. ಮೂರನೆಯದು ನೆಲಮಂಗಲದಿಂದ ಕುಣಿಗಲ್ಲಿಗೆ ಹೋಗುವ ರಸ್ತೆಯ ಕಡೆಗಿತ್ತು. ನಕಾಶೆ ಬಿಡಿಸಿ ನೋಡಿ. ಕನಕಪುರ, ರಾಮನಗರ, ಮಾಗಡಿ, ಚನ್ನಪಟ್ಟಣ ಈ ನಾಲ್ಕೂ ಊರುಗಳು ಅದೇ ದಿಕ್ಕಿನಲ್ಲಿವೆ.

ದೇವನಹಳ್ಳಿಯ ನಿಲ್ದಾಣ 2008ರ ಮೇ ತಿಂಗಳಲ್ಲಿ ಆರಂಭವಾಯಿತು. ಅಂದಿನಿಂದ 25 ವರ್ಷಗಳವರೆಗೆ 150 ಕಿಲೋಮೀಟರ್ ಒಳಗೆ ಮತ್ತೊಂದು ಹೊಸ ಅಂತರರಾಷ್ಟ್ರೀಯ ನಿಲ್ದಾಣ ಬರಬಾರದು ಎಂಬುದು ಅದರ ಒಪ್ಪಂದದಲ್ಲಿದೆ. ಆದ್ದರಿಂದ ಹೊಸ ನಿಲ್ದಾಣ ಎಲ್ಲಿಯೇ ಬರಲಿ, ಅಲ್ಲಿ ಇಳಿಯುವುದು 2033ರ ನಂತರದ ವಿಮಾನಗಳು. ಭೂಮಿ, ಪರಿಹಾರ, ರಸ್ತೆ ಇವೆಲ್ಲ ಸಮಾಜ ಕೂತು ತೀರ್ಮಾನಿಸಬೇಕಾದ ವಿಷಯಗಳು. ಆದರೆ ಒಂದು ಪ್ರಶ್ನೆ ನೇರವಾಗಿ ವಿಜ್ಞಾನದ್ದು. ವಿಮಾನ ಇಳಿಯುವ ದಾರಿಯ ಕೆಳಗಿನ ಶಾಲೆಯಲ್ಲಿ ಪಾಠ ಕೇಳಿಸುತ್ತದೆಯೆ?

ಈ ಪ್ರಶ್ನೆಗೆ ಉತ್ತರದ ಒಂದು ಪಾಲು ಎಂಜಿನಿನ ಒಳಗಿದೆ. ಸದ್ದು ಕಡಿಮೆ ಮಾಡಲು ಹೊರಟರೆ ಎಂಜಿನಿನ ದಕ್ಷತೆ ಕುಗ್ಗುತ್ತದೆ, ದಕ್ಷತೆಯ ಬೆನ್ನು ಹತ್ತಿದರೆ ಸದ್ದು ಹೆಚ್ಚುತ್ತದೆ ಎಂಬ ಭಾವನೆ ಬಹುಕಾಲ ಇತ್ತು. ಅದು ಯಾವಾಗ ನಿಜ, ಯಾವಾಗ ಸುಳ್ಳು ಎಂಬುದನ್ನು ಎಂಜಿನಿಯರರು ಏಳು ದಶಕಗಳಲ್ಲಿ ಹೇಗೆ ಕಲಿತರು, ಆ ಕಲಿಕೆಯಲ್ಲಿ ಬೆಂಗಳೂರಿನ ಪಾಲೇನು ಎಂಬುದನ್ನು ಇಲ್ಲಿ ನೋಡೋಣ.

ಗದ್ದಲದ ಆರಂಭ

ಜೆಟ್ ಎಂಜಿನ್ನಿನ ತತ್ತ್ವ ಸರಳ. ಮುಂದಿನಿಂದ ಗಾಳಿಯನ್ನು ಎಳೆದುಕೊಂಡು, ಒತ್ತಿ, ಇಂಧನ ಉರಿಸಿ ಕಾಯಿಸಿ, ಹಿಂದಕ್ಕೆ ವೇಗವಾಗಿ ಉಗುಳುವುದು. ಹೊರಹೋಗುವ ಬಿಸಿ ಅನಿಲದ ದಾರಿಯಲ್ಲಿ ಸಾಲುಸಾಲಾಗಿ ಅಲಗುಗಳನ್ನು ಜೋಡಿಸಿದ ಚಕ್ರಗಳಿರುತ್ತವೆ. ಇದೇ ಟರ್ಬೈನು. ಅನಿಲದಿಂದ ಶಕ್ತಿ ಪಡೆದು ತಿರುಗುವ ಟರ್ಬೈನು ಅದೇ ದಂಡದ ಮೇಲೆ ಮುಂದಿರುವ ಸಂಪೀಡಕವನ್ನೂ ಬೀಸಣಿಗೆಯನ್ನೂ ತಿರುಗಿಸುತ್ತದೆ. ಟರ್ಬೈನು ಸ್ವಲ್ಪ ಸೋತರೆ ಎಂಜಿನಿಗೆ ಅಷ್ಟು ಹೆಚ್ಚು ಇಂಧನ ಬೇಕು.

ಬ್ರಿಟನ್ನಿನ ಫ್ರಾಂಕ್ ವಿಟ್ಲ್ ಇಂಥ ಎಂಜಿನಿಗೆ 1930ರಲ್ಲಿ ಪೇಟೆಂಟ್ ಅರ್ಜಿ ಸಲ್ಲಿಸಿದ್ದರು. ಜರ್ಮನಿಯಲ್ಲಿ ಹಾನ್ಸ್ ಫಾನ್ ಓಹೈನ್ ರೂಪಿಸಿದ ಎಂಜಿನು 1939ರ ಆಗಸ್ಟ್ 27ರಂದು ವಿಮಾನವನ್ನು ಹಾರಿಸಿತು. 1952ರ ಮೇ ತಿಂಗಳಲ್ಲಿ ಕಾಮೆಟ್ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. 1958ರಲ್ಲಿ ಬೋಯಿಂಗ್ 707 ಬಂದಿತು. 1960ರಲ್ಲಿ ಏರ್ ಇಂಡಿಯಾ ಕೂಡ ಅದನ್ನು ಹಾರಿಸಿತು. ಜೊತೆಗೇ ನಿಲ್ದಾಣದ ಸುತ್ತಲಿನ ಜನರ ದೂರುಗಳೂ ಬಂದವು. ನ್ಯೂಯಾರ್ಕಿನ ನಿಲ್ದಾಣಗಳನ್ನು ನಡೆಸುತ್ತಿದ್ದ ಪ್ರಾಧಿಕಾರ, ನಿಗದಿತ ಮಟ್ಟಕ್ಕಿಂತ ಹೆಚ್ಚು ಸದ್ದು ಮಾಡುವ ಜೆಟ್‌ಗಳು ಮೇಲೇರಕೂಡದು ಎಂದು ಷರತ್ತು ಹಾಕಿತು.

ತಯಾರಕರು ಮೊದಲು ಕೈಹಾಕಿದ್ದು ಎಂಜಿನಿನ ಬಾಲಕ್ಕೆ. ನಯವಾದ ದುಂಡು ನಳಿಕೆಯ ಬದಲು ಮಡಿಕೆಮಡಿಕೆಯಾದ ನಳಿಕೆ ಜೋಡಿಸಿದರು, ಒಂದು ದೊಡ್ಡ ನಳಿಕೆಯನ್ನು ಹಲವು ಸಣ್ಣ ಕೊಳವೆಗಳಾಗಿ ಒಡೆದರು. ಸದ್ದು ಕೆಲವು ಡೆಸಿಬೆಲ್ ಇಳಿಯಿತು. ಆದರೆ ತೂಕ ಏರಿತು, ನೂಕುಬಲ ಕುಗ್ಗಿತು, ಇಂಧನದ ಖರ್ಚು ಹೆಚ್ಚಿತು. ಸದ್ದಿಗೂ ಸಾಮರ್ಥ್ಯಕ್ಕೂ ಹಗೆ ಎಂಬ ನಂಬಿಕೆ ಬಲವಾದದ್ದು ಹೀಗೆ.

ಮೇಕೆದಾಟು ಮತ್ತು ಎಂಟನೆಯ ಘಾತ

ಸದ್ದು ಹುಟ್ಟುವ ಬಗೆಯನ್ನೇ ವಿಚಾರಿಸಿದವರು ಇಂಗ್ಲೆಂಡಿನ ಗಣಿತಜ್ಞ ಜೇಮ್ಸ್ ಲೈಟ್‌ಹಿಲ್. 1952ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಅವರು ಒಂದು ಅಚ್ಚರಿಯ ಫಲಿತಾಂಶ ಕೊಟ್ಟರು. ಸ್ಥಿರ ಗಾಳಿಯೊಳಕ್ಕೆ ನುಗ್ಗುವ ಜೆಟ್ಟಿನ ಧ್ವನಿಶಕ್ತಿ ಅದರ ವೇಗದ ಎಂಟನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ.

ಕನಕಪುರ ತಾಲ್ಲೂಕಿನ ಸಂಗಮಕ್ಕೆ ಹೋದವರು ಇದನ್ನು ಸ್ಥೂಲವಾಗಿ ಊಹಿಸಿಕೊಳ್ಳಬಹುದು. ಅರ್ಕಾವತಿ ಸೇರಿದ ಕಾವೇರಿ ಅಲ್ಲಿ ಅಗಲವಾಗಿ, ಹೆಚ್ಚು ಸದ್ದಿಲ್ಲದೆ ಹರಿಯುತ್ತಾಳೆ. ಕೆಲವೇ ಕಿಲೋಮೀಟರ್ ಮುಂದೆ ಮೇಕೆದಾಟಿನ ಬಂಡೆಗಳ ಸಂದಿನಲ್ಲಿ ಅದೇ ನೀರು ಬೊಬ್ಬಿರಿಯುತ್ತದೆ. ನೀರಿನ ಪ್ರಮಾಣ ಬದಲಾಗಿಲ್ಲ, ಬದಲಾದದ್ದು ವೇಗ. ನೀರಿನ ಭೋರ್ಗರೆತದಲ್ಲಿ ಗಾಳಿಗುಳ್ಳೆಗಳ ಪಾತ್ರ ದೊಡ್ಡದು, ಆದ್ದರಿಂದ ಅದರ ನಿಯಮ ಬೇರೆ. ಆದರೆ ಎರಡೂ ಕಡೆ ಸದ್ದಿನ ಕೀಲಿ ವೇಗವೇ.

ಈಗ ಒಂದು ಲೆಕ್ಕ ಮಾಡಿ. ವಿಮಾನ ನಿಂತಿದೆ ಎಂದು ಭಾವಿಸಿ. ನೂಕುಬಲ ಎಂದರೆ ಸೆಕೆಂಡಿಗೆ ಹೊರಹೋಗುವ ಗಾಳಿಯ ರಾಶಿ ಮತ್ತು ಅದರ ವೇಗದ ಗುಣಲಬ್ಧ. ವೇಗವನ್ನು ಅರ್ಧಕ್ಕಿಳಿಸಿ, ರಾಶಿಯನ್ನು ಎರಡರಷ್ಟು ಮಾಡಿದರೆ ನೂಕುಬಲ ಬದಲಾಗದು. ಅದಕ್ಕೆ ಜೆಟ್ಟಿನ ವ್ಯಾಸ ಎರಡರಷ್ಟು, ಅಂದರೆ ವಿಸ್ತೀರ್ಣ ನಾಲ್ಕರಷ್ಟು ಆಗಬೇಕು. ಸದ್ದು ವಿಸ್ತೀರ್ಣಕ್ಕೂ ಅನುಪಾತದಲ್ಲಿದೆ. ಆದ್ದರಿಂದ ವೇಗದಿಂದ 256 ಪಟ್ಟು ಇಳಿಕೆ, ವಿಸ್ತೀರ್ಣದಿಂದ 4 ಪಟ್ಟು ಏರಿಕೆ. ಒಟ್ಟಿನಲ್ಲಿ ಧ್ವನಿಶಕ್ತಿ 64ರಲ್ಲಿ ಒಂದು ಪಾಲಾಗುತ್ತದೆ. ಇದು ಸುಮಾರು 18 ಡೆಸಿಬೆಲ್ ಇಳಿಕೆ. ಇನ್ನೂ ಒಂದು ಸಂಗತಿ ಗಮನಿಸಿ. ಗಾಳಿಗೆ ಕೊಡಬೇಕಾದ ಚಲನಶಕ್ತಿ ವೇಗದ ವರ್ಗವನ್ನು ಅವಲಂಬಿಸಿರುವುದರಿಂದ ಅದೂ ಅರ್ಧಕ್ಕಿಳಿಯುತ್ತದೆ. ಸದ್ದು ಇಳಿದದ್ದಲ್ಲದೆ ಇಂಧನವೂ ಉಳಿಯಿತು!

ಬೈಪಾಸ್ ಎಂಜಿನುಗಳ ಗುಟ್ಟು ಇದೇ. ಮುಂದಿನ ಬೀಸಣಿಗೆ ಎಳೆದುಕೊಂಡ ಗಾಳಿಯ ಬಹುಪಾಲು ಕುಲುಮೆಯ ಒಳಹೋಗದೆ ಸುತ್ತಲಿನಿಂದ ನಿಧಾನವಾಗಿ ಹಿಂದಕ್ಕೆ ಸಾಗುತ್ತದೆ. ಒಳಹೋಗುವ ಒಂದು ಪಾಲಿಗೆ ಸುತ್ತುಹೋಗುವ ಗಾಳಿ ಎಷ್ಟು ಪಾಲು ಎಂಬುದು ಬೈಪಾಸ್ ಅನುಪಾತ. 1960ರ ಕಾನ್ವೇ ಎಂಜಿನಿನಲ್ಲಿ ಅದು ಒಂದಕ್ಕಿಂತ ಬಹಳ ಕಡಿಮೆಯಿತ್ತು. 1970ರಲ್ಲಿ ಬೋಯಿಂಗ್ 747ನ್ನು ಹೊತ್ತ ಎಂಜಿನುಗಳಲ್ಲಿ ಸುಮಾರು 5ಕ್ಕೆ ಏರಿತು. ಇಂದಿನ ಎ320 ನಿಯೋ ವಿಮಾನದ ಒಂದು ಬಗೆಯ ಎಂಜಿನಿನಲ್ಲಿ 12ರಷ್ಟಿದೆ. ಬಾಲಕ್ಕೆ ಕಟ್ಟಿದ ಮಡಿಕೆ ನಳಿಕೆ ಸಾಮರ್ಥ್ಯವನ್ನು ತಿಂದಿತು. ಮೂಲವನ್ನು ಅರಿತು ಮಾಡಿದ ಬದಲಾವಣೆ ಎರಡನ್ನೂ ಕೊಟ್ಟಿತು.

ಮರೆಯಲ್ಲಿದ್ದ ಸದ್ದು

ಜೆಟ್ಟಿನ ಗರ್ಜನೆ ತಗ್ಗಿದ ಮೇಲೆ ಅದರ ಮರೆಯಲ್ಲಿದ್ದ ಬೇರೆ ಸದ್ದುಗಳು ಕೇಳಿಸತೊಡಗಿದವು. ಬೀಸಣಿಗೆಯ ಕೀರಲು ಮೊದಲನೆಯದು, ಟರ್ಬೈನಿನ ಶಿಳ್ಳೆ ಎರಡನೆಯದು. ವಿಮಾನ ಇಳಿಯುವಾಗ ಎಂಜಿನು ಕಡಿಮೆ ಶಕ್ತಿಯಲ್ಲಿ ಓಡುತ್ತಿರುತ್ತದೆ, ಜೆಟ್ಟಿನ ಸದ್ದು ಸಣ್ಣದಾಗಿರುತ್ತದೆ. ಟರ್ಬೈನು ಕಿವಿಗೆ ಬೀಳುವುದು ಆಗಲೇ.

ಈ ಶಿಳ್ಳೆಯ ಮೂಲ ಎಲ್ಲಿದೆ? ಟರ್ಬೈನಿನಲ್ಲಿ ಒಂದು ಸಾಲು ನಿಂತ ಅಲಗುಗಳು, ಅದರ ಹಿಂದೆ ಒಂದು ಸಾಲು ತಿರುಗುವ ಅಲಗುಗಳು, ಹೀಗೆ ಜೋಡಿಜೋಡಿಯಾಗಿ ಹಂತಗಳಿರುತ್ತವೆ. ಹೊಳೆಯಲ್ಲಿ ನೆಟ್ಟ ಕಂಬದ ಹಿಂದೆ ನೀರು ಕಲಕಿಕೊಂಡು ಒಂದು ಜಾಡು ಉಳಿಯುವಂತೆ, ಪ್ರತಿಯೊಂದು ನಿಂತ ಅಲಗಿನ ಹಿಂದೆಯೂ ನಿಧಾನ ಗಾಳಿಯ ಜಾಡು ಇರುತ್ತದೆ. ತಿರುಗುವ ಅಲಗು ಒಂದೊಂದು ಜಾಡನ್ನು ದಾಟುವಾಗಲೂ ಅದರ ಮೇಲಿನ ಒತ್ತಡ ಜಗ್ಗುತ್ತದೆ. ಈ ಜಗ್ಗಾಟವೇ ಧ್ವನಿ. ಅಲಗುಗಳ ಸಂಖ್ಯೆಯನ್ನು ಸೆಕೆಂಡಿನ ಸುತ್ತುಗಳಿಂದ ಗುಣಿಸಿದರೆ ಅದರ ಆವೃತ್ತಿ ಸಿಗುತ್ತದೆ. 100 ಅಲಗುಗಳ ಚಕ್ರ ಸೆಕೆಂಡಿಗೆ 50 ಸುತ್ತು ತಿರುಗಿದರೆ 5,000 ಹರ್ಟ್ಸ್. ಮನುಷ್ಯನ ಕಿವಿ ಹೆಚ್ಚು ಚುರುಕಾಗಿರುವ ವಲಯ ಇದೇ.

1962ರಲ್ಲಿ ಅಮೆರಿಕದ ಪ್ರ್ಯಾಟ್ ಅಂಡ್ ವಿಟ್ನಿ ಕಂಪನಿಯ ಟೈಲರ್ ಮತ್ತು ಸಾಫ್ರಿನ್ ಇದರಲ್ಲೊಂದು ಸೂಕ್ಷ್ಮವನ್ನು ತೋರಿಸಿದರು. ಸದ್ದು ಹುಟ್ಟಿದ ಮಾತ್ರಕ್ಕೆ ಹೊರಬರಬೇಕೆಂದಿಲ್ಲ! ಅದನ್ನು ನೀವೇ ಪರೀಕ್ಷಿಸಬಹುದು. ಹಲ್ಲುಗಳ ಅಂತರದಲ್ಲಿ ತುಸುವೇ ವ್ಯತ್ಯಾಸವಿರುವ ಎರಡು ಬಾಚಣಿಗೆಗಳನ್ನು ಒಂದರ ಮೇಲೊಂದಿಟ್ಟು ಬೆಳಕಿಗೆ ಹಿಡಿಯಿರಿ. ಕಪ್ಪು ಪಟ್ಟೆಗಳು ಕಾಣುತ್ತವೆ. ಒಂದು ಬಾಚಣಿಗೆಯನ್ನು ಕೂದಲೆಳೆಯಷ್ಟು ಸರಿಸಿದರೂ ಪಟ್ಟೆಗಳು ಸರ್ರನೆ ಓಡುತ್ತವೆ. ರಾಮನಗರದ ಕಡೆಯವರಾದರೆ ತೆಳು ರೇಷ್ಮೆ ಬಟ್ಟೆಯ ಎರಡು ಪದರಗಳಲ್ಲಿ ಇಂಥದೇ ಅಲೆಗಳನ್ನು ಕಂಡಿರುತ್ತೀರಿ.

ಟರ್ಬೈನಿನೊಳಗೂ ಹೀಗೆಯೇ. ತಿರುಗುವ 20 ಅಲಗು, ನಿಂತ 18 ಅಲಗು ಇದ್ದರೆ ಅವುಗಳ ವ್ಯತ್ಯಾಸ 2. ಒತ್ತಡದ ಎರಡು ಉಬ್ಬುಗಳ ಒಂದು ಪಟ್ಟೆ ಹುಟ್ಟಿ, ಚಕ್ರಕ್ಕಿಂತ 20ನ್ನು 2ರಿಂದ ಭಾಗಿಸಿದಷ್ಟು, ಅಂದರೆ 10 ಪಟ್ಟು ವೇಗದಲ್ಲಿ ಸುತ್ತುತ್ತದೆ. ಅದರ ಅಂಚಿನ ವೇಗ ಶಬ್ದದ ವೇಗವನ್ನು ಮೀರುವುದರಿಂದ ಸದ್ದು ಸಲೀಸಾಗಿ ಹೊರಬೀಳುತ್ತದೆ. ನಿಂತ ಅಲಗುಗಳನ್ನು 44 ಮಾಡಿ. ವ್ಯತ್ಯಾಸ 24. ಈಗ ಪಟ್ಟೆ ಚಕ್ರಕ್ಕಿಂತಲೂ ನಿಧಾನ, ಅದೂ ಎದುರು ದಿಕ್ಕಿನಲ್ಲಿ. ಅದರ ವೇಗ ಶಬ್ದದ ವೇಗಕ್ಕಿಂತ ಕಡಿಮೆಯಾದರೆ ಅಲೆ ಮುಂದೆ ಸಾಗಲಾರದೆ ಕೊಳವೆಯೊಳಗೇ ಕ್ಷೀಣಿಸುತ್ತದೆ. ಎಂಜಿನಿಯರರು ಇದನ್ನು ‘ಕಟ್ ಆಫ್’ ಎನ್ನುತ್ತಾರೆ. ಬರೀ ಎಣಿಕೆಯಿಂದ ಒಂದು ಸ್ವರವನ್ನು ಬಂಧಿಸಿಡಬಹುದು!

ಸ್ವರ ಹೊರಬಂದರೂ ಶುದ್ಧವಾಗಿ ಉಳಿಯುವುದಿಲ್ಲ. ಹಿಂದಿನ ಜೆಟ್ಟಿನ ಕಲಕಿದ ಗಾಳಿಯನ್ನು ದಾಟುವಾಗ ಅದರ ಆವೃತ್ತಿ ಅತ್ತಿತ್ತ ಹರಡುತ್ತದೆ. ನಕ್ಷೆಯಲ್ಲಿ ಚೂಪಾದ ಗೆರೆಯಿರಬೇಕಾದಲ್ಲಿ ಹುಲ್ಲಿನ ಮೆದೆಯಂಥ ದಿಬ್ಬ ಕಾಣುತ್ತದೆ. ಪರಿಣತರು ಅದನ್ನು ಹುಲ್ಲುಮೆದೆ ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ.

ಅಲಗಿನ ಮೈಮೇಲಿನ ಗಾಳಿ: ಬೆಂಗಳೂರಿನ ಅಧ್ಯಾಯ

ಹಾಗಾದರೆ ನಿಂತ ಅಲಗುಗಳನ್ನು ಬೇಕಾದಷ್ಟು ಹೆಚ್ಚಿಸಿ ಸದ್ದನ್ನು ಕಟ್ಟಿಹಾಕಬಹುದಲ್ಲವೆ ಎಂದು ನೀವು ಕೇಳಬಹುದು. ಹೆಚ್ಚು ಅಲಗು ಎಂದರೆ ಹೆಚ್ಚು ಮೇಲ್ಮೈ, ಹೆಚ್ಚು ಘರ್ಷಣೆ, ಹೆಚ್ಚು ತೂಕ. ಬೀಸಣಿಗೆಯನ್ನು ತಿರುಗಿಸುವ ಕಡಿಮೆ ಒತ್ತಡದ ಟರ್ಬೈನೊಂದೇ ಎಂಜಿನಿನ ತೂಕದ ಮೂರನೆ ಒಂದು ಪಾಲಿನವರೆಗೆ ಇರಬಲ್ಲದು. ವಿನ್ಯಾಸಕಾರರು ಅಲಗುಗಳನ್ನು ಕಡಿಮೆ ಮಾಡಲು ತವಕಿಸುತ್ತಾರೆಯೇ ಹೊರತು ಹೆಚ್ಚಿಸಲು ಅಲ್ಲ. ಒಂದು ಅಲಗಿಗೆ ಎಷ್ಟು ಹೊರೆ ಹೊರಿಸಬಹುದು ಎಂಬುದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರ ಅಲಗಿನ ಮೈಗಂಟಿದ ತೆಳು ಗಾಳಿಯ ಪದರದಲ್ಲಿದೆ. ಇದನ್ನು ಗಡಿಪದರ ಎನ್ನೋಣ.

ಗಡಿಪದರ ಆರಂಭದಲ್ಲಿ ಸ್ತರಸ್ತರವಾಗಿ ಶಾಂತವಾಗಿ ಹರಿಯುತ್ತದೆ. ಮುಂದೆ ಎಲ್ಲೋ ಸುಳಿಸುಳಿಯಾಗಿ ಪ್ರಕ್ಷುಬ್ಧವಾಗುತ್ತದೆ. ಶಾಂತ ಪದರದಲ್ಲಿ ಘರ್ಷಣೆ ಕಡಿಮೆ, ಆದರೆ ಅದು ದುರ್ಬಲ. ಎದುರಿನಿಂದ ಒತ್ತಡ ಏರಿದರೆ ಅಲಗಿನ ಮೈಬಿಟ್ಟು ಕಿತ್ತುಹೋಗುತ್ತದೆ. ಪ್ರಕ್ಷುಬ್ಧ ಪದರದಲ್ಲಿ ಘರ್ಷಣೆ ಹೆಚ್ಚು, ಆದರೆ ಅದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಶಾಂತದಿಂದ ಪ್ರಕ್ಷುಬ್ಧಕ್ಕೆ ಎಲ್ಲಿ, ಹೇಗೆ ದಾಟುತ್ತದೆ ಎಂಬುದು ಗೊತ್ತಿಲ್ಲದಿದ್ದರೆ ಟರ್ಬೈನಿನ ನಷ್ಟವನ್ನು ಲೆಕ್ಕ ಹಾಕಲಾಗದು.

1951ರಲ್ಲಿ ಹಾರ್ವರ್ಡಿನ ಹೊವಾರ್ಡ್ ಎಮನ್ಸ್, ಇಳಿಜಾರಿನ ಮೇಜಿನ ಮೇಲೆ ತೆಳುವಾಗಿ ಹರಿಯುವ ನೀರಿನಲ್ಲಿ ಒಂದು ವಿಚಿತ್ರ ಕಂಡಿದ್ದರು. ಪ್ರಕ್ಷುಬ್ಧತೆ ಒಮ್ಮೆಲೇ ಎಲ್ಲೆಡೆ ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಮಚ್ಚೆಯಾಗಿ ಹುಟ್ಟಿ, ಹರಿಯುತ್ತ ಹಿಗ್ಗಿ, ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಈ ಮಚ್ಚೆಗಳು ಹುಟ್ಟುವುದೆಲ್ಲಿ ಎಂಬ ಪ್ರಶ್ನೆ ಉಳಿದಿತ್ತು.

ಉತ್ತರ ಬಂದದ್ದು ಬೆಂಗಳೂರಿನಿಂದ. ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಮಾನ ವಿಜ್ಞಾನ ವಿಭಾಗ 1942ರಲ್ಲಿ ಆರಂಭವಾಗಿತ್ತು. 1951ರಲ್ಲಿ ಅಲ್ಲಿಗೆ ಬಂದ ಸತೀಶ್ ಧವನ್ ಎಳೆಯ ವಿದ್ಯಾರ್ಥಿಗಳನ್ನು ಪ್ರಯೋಗಕ್ಕೆ ಹಚ್ಚಿದರು. ಅವರಲ್ಲೊಬ್ಬರು ರೊದ್ದಂ ನರಸಿಂಹ. 1933ರಲ್ಲಿ ಜನಿಸಿದ ಅವರು ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರು. ಅವರ ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತವಿಜ್ಞಾನ ಕಲಿಸಿದವರು, ಕನ್ನಡದಲ್ಲಿ ವಿಜ್ಞಾನ ಬರೆದ ಹಿರಿಯರು ಎಂಬುದನ್ನು ನಮ್ಮ ಓದುಗರು ಬಲ್ಲರು.

ಗಾಳಿ ಸುರಂಗದಲ್ಲಿ ಸಪಾಟು ಫಲಕದ ಮೇಲೆ ಗಾಳಿ ಹರಿಸಿ, ಪ್ರತಿಯೊಂದು ಜಾಗದಲ್ಲೂ ಹರಿವು ಎಷ್ಟು ಕಾಲ ಪ್ರಕ್ಷುಬ್ಧವಾಗಿರುತ್ತದೆ ಎಂಬುದನ್ನು ಅಳೆಯುವುದು ಕೆಲಸ. ಅಳತೆಗಳು ಹೇಳಿದ್ದು ಹೀಗೆ: ಮಚ್ಚೆಗಳು ಫಲಕದ ಉದ್ದಕ್ಕೂ ಎಲ್ಲೆಂದರಲ್ಲಿ ಹುಟ್ಟುವುದಿಲ್ಲ. ಹರಿವಿಗೆ ಅಡ್ಡಲಾದ ಒಂದು ಕಿರಿದಾದ ಪಟ್ಟಿಯಲ್ಲಿ ಮಾತ್ರ ಹುಟ್ಟುತ್ತವೆ. ಹಾಗೆಂದು ಭಾವಿಸಿ ಮಾಡಿದ ಸರಳ ಸೂತ್ರ ಅಳತೆಗಳಿಗೆ ಚೆನ್ನಾಗಿ ಹೊಂದಿಕೊಂಡಿತು. ನರಸಿಂಹ ಅವರ ಕಿರು ಲೇಖನ 1957ರಲ್ಲಿ, ಧವನ್ ಜೊತೆಗಿನ ವಿವರವಾದ ಪ್ರಬಂಧ 1958ರಲ್ಲಿ ಪ್ರಕಟವಾದವು. ಆಗ ಅವರಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ.

ಮುಂದೆ ಅವರು ಅಮೆರಿಕದ ಕ್ಯಾಲ್ಟೆಕ್‌ಗೆ ಹೋದರು. ಅಲ್ಲಿ ಹಾನ್ಸ್ ಲೀಪ್‌ಮನ್ ಅವರ ಬಳಿ ಮೊದಲು ಕೈಗೆತ್ತಿಕೊಂಡದ್ದು ಜೆಟ್ ಎಂಜಿನಿನ ಸದ್ದು ತಗ್ಗಿಸುವ ವಿಷಯವನ್ನೇ. ಆದರೆ 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿತು. ಎಲ್ಲರ ಗಮನ ಬಾಹ್ಯಾಕಾಶದತ್ತ ಹೊರಳಿತು, ಅವರೂ ವಿರಳ ಅನಿಲಗಳ ಅಧ್ಯಯನಕ್ಕೆ ಹೊರಳಿದರು. 1962ರಲ್ಲಿ ವಿಜ್ಞಾನ ಮಂದಿರಕ್ಕೆ ಮರಳಿ, 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. 2020ರ ಡಿಸೆಂಬರ್ 14ರಂದು ನಿಧನರಾದರು.

ಆ ಸಪಾಟು ಫಲಕದ ಸೂತ್ರ ಏನಾಯಿತು? ಎಂಜಿನಿನೊಳಗೆ ಗಾಳಿ ಶಾಂತದಿಂದ ಪ್ರಕ್ಷುಬ್ಧಕ್ಕೆ ದಾಟುವ ವಿಚಾರವನ್ನು ಆರ್. ಇ. ಮೇಲ್ ಎಂಬ ವಿದ್ವಾಂಸರು 1991ರಲ್ಲಿ ಸಮಗ್ರವಾಗಿ ವಿಮರ್ಶಿಸಿದರು. ಟರ್ಬೈನು ವಿನ್ಯಾಸಕಾರರು ಮತ್ತೆಮತ್ತೆ ತಿರುವಿಹಾಕುವ ಆ ಪ್ರಬಂಧ ನರಸಿಂಹ ಅವರ ಭಾವನೆಯನ್ನೇ ಆಧಾರವಾಗಿ ಬಳಸಿಕೊಂಡಿತು. ಬೆಂಗಳೂರಿನ ಸುರಂಗದಲ್ಲಿ ಅಳೆದ ಗಾಳಿ ಹೀಗೆ ಟರ್ಬೈನಿನ ಲೆಕ್ಕದೊಳಗೆ ಸೇರಿತು.

ಇಕ್ಕಟ್ಟು

ಈಗ ಎರಡೂ ಎಳೆಗಳನ್ನು ಕೂಡಿಸಿ ನೋಡಿ. ವಿಮಾನ ಎತ್ತರದಲ್ಲಿ ಹಾರುವಾಗ ಗಾಳಿ ವಿರಳ. ಕಡಿಮೆ ಒತ್ತಡದ ಟರ್ಬೈನಿನ ಅಲಗಿನ ಮೇಲಿನ ಪದರ ಬಹುದೂರ ಶಾಂತವಾಗಿಯೇ ಉಳಿದು, ಕೊನೆಯಲ್ಲಿ ಕಿತ್ತುಹೋಗುವ ಅಪಾಯವಿದೆ. ಅದನ್ನು ತಪ್ಪಿಸುವುದು ಯಾವುದು? ಮುಂದಿನ ಸಾಲಿನ ಅಲಗು ಬಿಟ್ಟ ಜಾಡು! ಜಾಡು ಹಾದುಹೋಗುವಾಗ ಪದರದಲ್ಲಿ ಪ್ರಕ್ಷುಬ್ಧತೆಯ ಮಚ್ಚೆಗಳನ್ನು ಎಬ್ಬಿಸುತ್ತದೆ. ಮಚ್ಚೆಯ ಬೆನ್ನಿಗೆ ಕಿತ್ತುಹೋಗದೆ ತಾಳಿಕೊಳ್ಳುವ ಒಂದು ಶಾಂತ ವಲಯವೂ ಬರುತ್ತದೆ. ಜಾಡುಗಳು ಹೀಗೆ ಒಂದರ ಹಿಂದೊಂದು ಬರುತ್ತಿದ್ದರೆ ಪದರ ಮೈಬಿಡದು. 1990ರ ದಶಕದಲ್ಲಿ ಕೇಂಬ್ರಿಜ್‌ನ ವಿಟ್ಲ್ ಪ್ರಯೋಗಾಲಯದಲ್ಲಿ ಹೊವಾರ್ಡ್ ಹಾಡ್ಸನ್ ಮತ್ತು ಸಂಗಡಿಗರು ಇದನ್ನು ವಿವರವಾಗಿ ಅಭ್ಯಸಿಸಿದರು. ಅದರ ಬಲದಿಂದ ಪ್ರತಿ ಅಲಗಿಗೂ ಹೆಚ್ಚು ಹೊರೆ ಹೊರಿಸಿ, ಒಟ್ಟು ಅಲಗುಗಳನ್ನು ಗಣನೀಯವಾಗಿ ಇಳಿಸಿದ ಟರ್ಬೈನುಗಳು ಬಂದವು.

ಅಂದರೆ ಶಿಳ್ಳೆ ಹುಟ್ಟಿಸುವ ಜಾಡೇ ದಕ್ಷತೆಯನ್ನೂ ಕಾಯುತ್ತದೆ. ಸಾಲುಗಳನ್ನು ದೂರ ಸರಿಸಿದರೆ ಜಾಡು ಮಂಕಾಗಿ ಸದ್ದು ಇಳಿಯುತ್ತದೆ. ಆದರೆ ಅದರ ಉಪಕಾರವೂ ತಗ್ಗುತ್ತದೆ, ಎಂಜಿನು ಉದ್ದವಾಗಿ ತೂಕ ಏರುತ್ತದೆ. ಅಲಗುಗಳನ್ನು ಇಳಿಸಿದರೆ ತೂಕ ಉಳಿಯುತ್ತದೆ, ಆದರೆ ಬಂಧಿಸಿಟ್ಟಿದ್ದ ಸ್ವರ ತಪ್ಪಿಸಿಕೊಳ್ಳಬಹುದು.

ಒಂದು ಕಲ್ಪಿತ ಉದಾಹರಣೆ ಇದನ್ನು ಸ್ಪಷ್ಟಪಡಿಸುತ್ತದೆ. ಟರ್ಬೈನಿನ ಕೊನೆಯ ಹಂತಗಳ ಅನಿಲ ಬಿಸಿಯಾಗಿರುವುದರಿಂದ ಅಲ್ಲಿ ಶಬ್ದದ ವೇಗ ಹೆಚ್ಚು. ಸೆಕೆಂಡಿಗೆ 550 ಮೀಟರ್ ಎಂದಿಟ್ಟುಕೊಳ್ಳೋಣ. ಅಲಗಿನ ತುದಿಯ ವೇಗ 200 ಮೀಟರ್ ಇರಲಿ.

ಮೊದಲನೆಯದು: ತಿರುಗುವ ಅಲಗು 100, ನಿಂತ ಅಲಗು 150. ವ್ಯತ್ಯಾಸ 50. ಪಟ್ಟೆಯ ವೇಗ ಚಕ್ರದ ಎರಡು ಪಟ್ಟು, ಅಂದರೆ 400 ಮೀಟರ್. ಸ್ವರ ಬಂಧಿ.

ಎರಡನೆಯದು: ತೂಕ ಉಳಿಸಲು ನಿಂತ ಅಲಗನ್ನು 125ಕ್ಕೆ ಇಳಿಸಿ. ವ್ಯತ್ಯಾಸ 25. ಪಟ್ಟೆಯ ವೇಗ ನಾಲ್ಕು ಪಟ್ಟು, 800 ಮೀಟರ್. ಸ್ವರ ಹೊರಬಿತ್ತು.

ಮೂರನೆಯದು: ನಿಂತ ಅಲಗು 125 ಇರಲಿ, ತಿರುಗುವ ಅಲಗನ್ನೂ 80ಕ್ಕೆ ಇಳಿಸಿ. ವ್ಯತ್ಯಾಸ 45. ಪಟ್ಟೆಯ ವೇಗ ಸುಮಾರು 356 ಮೀಟರ್. ಸ್ವರ ಮತ್ತೆ ಬಂಧಿ.

ಒಟ್ಟು ಅಲಗುಗಳು 250ರಿಂದ 205ಕ್ಕೆ ಇಳಿದವು, ಮೂಲ ಸ್ವರವೂ ಅಡಗಿತು. ಆದರೆ ಉಳಿದ ಅಲಗುಗಳು ಹೆಚ್ಚಿನ ಹೊರೆ ತಾಳಬೇಕು. ತಾಳಬಲ್ಲವೆ ಎಂದು ಹೇಳುವುದು ಗಡಿಪದರದ ಲೆಕ್ಕ. ಸದ್ದಿನ ಲೆಕ್ಕವನ್ನೂ ಗಾಳಿಯ ಲೆಕ್ಕವನ್ನೂ ಬೇರೆಬೇರೆ ಮೇಜುಗಳಲ್ಲಿ ಮಾಡಿದರೆ ಎರಡನೆಯ ಉದಾಹರಣೆಯಲ್ಲಿ ಸಿಕ್ಕಿಬೀಳುತ್ತೇವೆ. ಒಟ್ಟಿಗೆ ಮಾಡಿದರೆ ಮೂರನೆಯದಕ್ಕೆ ತಲುಪುತ್ತೇವೆ. ನಿಜವಾದ ವಿನ್ಯಾಸದಲ್ಲಿ ದುಪ್ಪಟ್ಟು ಆವೃತ್ತಿಯ ಸ್ವರ, ಅನಿಲದ ಸುತ್ತು, ಅಕ್ಕಪಕ್ಕದ ಹಂತಗಳು ಇವೆಲ್ಲ ಸೇರಿ ಲೆಕ್ಕ ಬಹಳ ಜಟಿಲ. ಆದರೆ ತತ್ತ್ವ ಇಷ್ಟೇ.

ಇನ್ನೆರಡು ದಾರಿಗಳು

ಅಲಗಿನ ಆಕಾರ ಬದಲಿಸುವುದು ಒಂದು ದಾರಿ. ನಿಂತ ಅಲಗನ್ನು ನೆಟ್ಟಗೆ ನಿಲ್ಲಿಸದೆ ಓರೆಯಾಗಿ, ತುಸು ಬಾಗಿಸಿ ನಿಲ್ಲಿಸಿದರೆ ಅದರ ಜಾಡು ಮುಂದಿನ ಅಲಗಿನ ಬುಡಕ್ಕೂ ತುದಿಗೂ ಒಂದೇ ಕ್ಷಣದಲ್ಲಿ ಬಡಿಯದು. ಬೇರೆಬೇರೆ ಕ್ಷಣಗಳಲ್ಲಿ ಹುಟ್ಟಿದ ಅಲೆಗಳು ಒಂದನ್ನೊಂದು ಭಾಗಶಃ ಅಳಿಸಿಕೊಳ್ಳುತ್ತವೆ. ಆಕಾರವನ್ನು ಸರಿಯಾಗಿ ಆರಿಸಿದರೆ ಬುಡದ ಬಳಿಯ ನಷ್ಟವೂ ಕಡಿಮೆಯಾಗುತ್ತದೆ.

ಎರಡನೆಯ ದಾರಿ ಗೇರು. ಬೀಸಣಿಗೆ ದೊಡ್ಡದು, ನಿಧಾನವಾಗಿ ತಿರುಗಬೇಕು. ಟರ್ಬೈನಿಗೆ ವೇಗವೇ ಹಿತ. ಎರಡನ್ನೂ ಒಂದೇ ದಂಡಕ್ಕೆ ಕಟ್ಟಿದರೆ ಟರ್ಬೈನು ನಿಧಾನವಾಗಿ ತಿರುಗಿ, ಕೆಲಸ ಪೂರೈಸಲು ಹೆಚ್ಚು ಹಂತಗಳು ಬೇಕಾಗುತ್ತವೆ. ನಡುವೆ ಗೇರು ಇಟ್ಟರೆ ಟರ್ಬೈನು ಬೀಸಣಿಗೆಯ ಸುಮಾರು ಮೂರು ಪಟ್ಟು ವೇಗದಲ್ಲಿ ತಿರುಗಬಲ್ಲದು. ಎ320 ನಿಯೋ ವಿಮಾನಕ್ಕೆ ಎರಡು ಬಗೆಯ ಎಂಜಿನುಗಳಿವೆ. ಗೇರಿಲ್ಲದ ಲೀಪ್ ಎಂಜಿನಿನ ಕಡಿಮೆ ಒತ್ತಡದ ಟರ್ಬೈನಿನಲ್ಲಿ 7 ಹಂತಗಳಿದ್ದರೆ, ಗೇರಿರುವ ಪಿಡಬ್ಲ್ಯು1100ಜಿ ಎಂಜಿನಿನಲ್ಲಿ 3 ಮಾತ್ರ. ಸದ್ದಿಗೂ ಲಾಭ. 100 ಅಲಗುಗಳ ಚಕ್ರ ಸೆಕೆಂಡಿಗೆ 50ರ ಬದಲು 150 ಸುತ್ತು ತಿರುಗಿದರೆ ಸ್ವರ 15,000 ಹರ್ಟ್ಸ್‌ಗೆ ಏರುತ್ತದೆ. ಅಷ್ಟು ಕೀರಲು ಧ್ವನಿಗೆ ನಮ್ಮ ಕಿವಿ ಮಂದ. ಗಾಳಿಯೂ ಅದನ್ನು ದಾರಿಯಲ್ಲೇ ಹೀರಿಕೊಳ್ಳುತ್ತದೆ. ಈ ಎಂಜಿನಿನ ವಿಮಾನ ಭಾರತಕ್ಕೆ 2016ರಲ್ಲಿ ಬಂದಿತು. ನಂತರದ ವರ್ಷಗಳಲ್ಲಿ ಅದರ ಕೆಲವು ಭಾಗಗಳ ದೋಷದಿಂದ ವಿಮಾನಗಳು ನೆಲಕ್ಕೆ ಕೂತದ್ದೂ ಉಂಟು. ಹೊಸ ದಾರಿಗೆ ಸುಂಕ ತೆರಬೇಕಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಇಂಥ ಲೆಕ್ಕಗಳು ಇಂದು ಬೆಂಗಳೂರಿನಲ್ಲೂ ನಡೆಯುತ್ತವೆ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಜಾನ್ ಎಫ್. ವೆಲ್ಚ್ ತಂತ್ರಜ್ಞಾನ ಕೇಂದ್ರ 2000ದಲ್ಲಿ ಇಲ್ಲಿ ಆರಂಭವಾಯಿತು. ಅದಕ್ಕೂ ಬಹಳ ಹಿಂದಿನಿಂದ ಅನಿಲ ಟರ್ಬೈನು ಸಂಶೋಧನಾ ಸಂಸ್ಥೆ ಇಲ್ಲಿದೆ. ಅದರ ಕಾವೇರಿ ಎಂಜಿನು ಯುದ್ಧವಿಮಾನಕ್ಕೆಂದು ರೂಪಿಸಿದ್ದು, ಅಲ್ಲಿ ಸದ್ದು ಮೊದಲ ಚಿಂತೆಯಲ್ಲ. ಆದರೆ ಅಲಗಿನ ಮೈಮೇಲಿನ ಗಾಳಿಯ ನಿಯಮ ಎರಡಕ್ಕೂ ಒಂದೇ.

ಬಂಡೆಯ ಗೂಬೆ ಕಲಿಸುವುದೇನು?

ರಾಮನಗರದ ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಮಾಗಡಿಯ ಸಾವನದುರ್ಗವೂ ಸೇರಿದಂತೆ ಈ ಸೀಮೆಯ ಕಲ್ಲುಬೆಟ್ಟಗಳು ಕೊಂಬಿನ ಗೂಬೆಗೆ ಹೇಳಿಮಾಡಿಸಿದ ನೆಲೆ. ಗೂಬೆ ಬೇಟೆಯ ಮೇಲೆ ಎರಗುವಾಗ ರೆಕ್ಕೆಯ ಸದ್ದು ಕೇಳಿಸುವುದೇ ಇಲ್ಲವೆನ್ನುವಷ್ಟು ಕಡಿಮೆ. 1934ರಲ್ಲಿ ಬ್ರಿಟನ್ನಿನ ಆರ್. ಆರ್. ಗ್ರಹಾಂ ಇದಕ್ಕೆ ಮೂರು ಕಾರಣ ಗುರುತಿಸಿದರು. ರೆಕ್ಕೆಯ ಮುಂದಿನ ಅಂಚಿನಲ್ಲಿ ಬಾಚಣಿಗೆಯಂಥ ಹಲ್ಲು, ಹಿಂದಿನ ಅಂಚಿನಲ್ಲಿ ಮೃದುವಾದ ಕುಚ್ಚು, ಮೇಲ್ಮೈಯಲ್ಲಿ ಮಖಮಲ್ಲಿನಂಥ ನಯ. ಇದರ ಜೊತೆಗೆ, ದೊಡ್ಡ ರೆಕ್ಕೆಯ ಗೂಬೆ ನಿಧಾನವಾಗಿ ಹಾರುತ್ತದೆ ಎಂಬುದನ್ನೂ ಮರೆಯಬಾರದು.

ಬಿಸಿ ಅನಿಲದಲ್ಲಿ ತಿರುಗುವ ಲೋಹದ ಅಲಗಿಗೆ ಕುಚ್ಚು ಕಟ್ಟಲಾಗದು. ಆದರೆ ಅಂಚಿನುದ್ದಕ್ಕೂ ಸುಳಿಗಳ ಬಡಿತ ಒಂದೇ ಕ್ಷಣದಲ್ಲಿ ಆಗದಂತೆ ಒಡೆಯುವ ಉಪಾಯ ಎಲ್ಲೆಡೆ ಸಲ್ಲುತ್ತದೆ. ಗಾಳಿಯಂತ್ರಗಳ ರೆಕ್ಕೆಗಳ ಹಿಂಬದಿಗೆ ಅಂಟಿಸುವ ಗರಗಸದ ಹಲ್ಲುಗಳಲ್ಲಿ, ಟರ್ಬೈನಿನ ಓರೆ ಅಲಗಿನಲ್ಲಿ ಕಾಣುವುದು ಇದೇ ಉಪಾಯ.

ತರಗತಿಯಲ್ಲಿ, ಊರಿನಲ್ಲಿ

ಶಿಕ್ಷಕರು ಇದನ್ನು ಸುಲಭವಾಗಿ ಪ್ರಯೋಗಕ್ಕೆ ಇಳಿಸಬಹುದು. ಚನ್ನಪಟ್ಟಣದ ಸುತ್ತಲಿನವರಾದರೆ, ಹಾಲೆ ಮರದ ಆಟಿಕೆ ಕಡೆಯುವವರಲ್ಲಿ ತೆಳುವಾದ ಒಂದು ದುಂಡು ಬಿಲ್ಲೆ ಮಾಡಿಸಿಕೊಳ್ಳಿ. ಬೇರೆಯವರಿಗೆ ದಪ್ಪ ರಟ್ಟು ಸಾಕು. ಒಂದು ವೃತ್ತದಲ್ಲಿ 20, ಅದರೊಳಗಿನ ವೃತ್ತದಲ್ಲಿ 10 ತೂತು ಸಮ ಅಂತರದಲ್ಲಿ ಕೊರೆಯಿರಿ. ಸಣ್ಣ ಮೋಟಾರಿಗೆ ಸಿಕ್ಕಿಸಿ ತಿರುಗಿಸಿ, ಕೊಳವೆಯಿಂದ ತೂತುಗಳ ಮೇಲೆ ಊದಿ. ಹೊರವೃತ್ತದ ಸ್ವರ ಒಳವೃತ್ತದ ದುಪ್ಪಟ್ಟು ಆವೃತ್ತಿಯದಾಗಿ ಕೇಳಿಸುತ್ತದೆ. ತೂತುಗಳ ಅಂತರವನ್ನು ಬೇಕೆಂದೇ ಏರುಪೇರು ಮಾಡಿದ ಮತ್ತೊಂದು ಬಿಲ್ಲೆಯಲ್ಲಿ ಸ್ವರ ಒಡೆದು ಗೊರಗೊರ ಎನ್ನುತ್ತದೆ. ಇದರೊಂದಿಗೆ ಬಾಚಣಿಗೆಗಳ ಪ್ರಯೋಗ ಸೇರಿಸಿದರೆ ಟರ್ಬೈನಿನ ಸದ್ದಿನ ಅರ್ಧ ಪಾಠ ಮುಗಿಯಿತು.

ಇನ್ನರ್ಧ ಊರಿಗೆ ಸಂಬಂಧಿಸಿದ್ದು. ವಿಮಾನಗಳ ಸದ್ದಿಗೆ ಅಂತರರಾಷ್ಟ್ರೀಯ ಮಿತಿಗಳು 1970ರ ದಶಕದಿಂದ ಇವೆ. ಮೂರು ಜಾಗಗಳಲ್ಲಿ ಅಳೆಯುತ್ತಾರೆ. ಇಳಿಯುವಾಗಿನ ಅಳತೆ ಓಡುದಾರಿಗೆ 2 ಕಿಲೋಮೀಟರ್ ಮೊದಲು, ವಿಮಾನ ತಲೆಯ ಮೇಲೆ ಸುಮಾರು 120 ಮೀಟರ್ ಎತ್ತರದಲ್ಲಿರುವಾಗ. 2006ರಿಂದ ಹೊಸ ಬಗೆಯ ವಿಮಾನಗಳು ಹಿಂದಿನ ಮಿತಿಗಿಂತ ಮೂರೂ ಅಳತೆಗಳ ಮೊತ್ತದಲ್ಲಿ 10 ಡೆಸಿಬೆಲ್ ಕೆಳಗಿರಬೇಕಾಯಿತು. 2017ರ ಕೊನೆಯಿಂದ ದೊಡ್ಡ ವಿಮಾನಗಳಿಗೆ ಇನ್ನೂ 7 ಡೆಸಿಬೆಲ್ ಬಿಗಿಯಾಯಿತು.

ಆದರೆ ಎಂಜಿನಿನ ಸದ್ದು ತಗ್ಗಿದಷ್ಟೂ ವಿಮಾನಗಳ ಸಂಖ್ಯೆ ಏರಿದರೆ ಕೆಳಗಿನವರ ನೆಮ್ಮದಿ ಲೆಕ್ಕಕ್ಕೆ ಬಾರದು. ರೆಕ್ಕೆ, ಗಾಲಿಗಳ ಸುತ್ತ ಹರಿಯುವ ಗಾಳಿಯ ಸದ್ದೂ ಉಳಿದೇ ಇರುತ್ತದೆ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳ ಬಳಿ ನಿಲ್ದಾಣ ಬರುವುದಾದರೆ ಅದರ ಶಬ್ದದ ನಕಾಶೆಯನ್ನು ಕೇಳಿ ಪಡೆದು ಓದಬಲ್ಲವರು ಊರಿನಲ್ಲೇ ಇರಬೇಕು. ಯಾವ ಹೊತ್ತಿನಲ್ಲಿ ಎಷ್ಟು ವಿಮಾನಗಳು, ಯಾವ ಬಗೆಯ ಎಂಜಿನಿನವು, ಶಾಲೆಯ ಮೇಲೆ ಎಷ್ಟು ಡೆಸಿಬೆಲ್ ಎಂದು ಕೇಳಲು ಡೆಸಿಬೆಲ್ ಎಂದರೇನು ಎಂಬುದು ಗೊತ್ತಿರಬೇಕು. ಇಂದು ನಿಮ್ಮ ಮುಂದೆ ಕುಳಿತ ಒಂಬತ್ತನೆಯ ತರಗತಿಯ ಮಕ್ಕಳು 2033ಕ್ಕೆ ಇಪ್ಪತ್ತು ದಾಟಿರುತ್ತಾರೆ. ಅವರಲ್ಲಿ ಕೆಲವರು ಆ ನಕಾಶೆಯನ್ನು ಪ್ರಶ್ನಿಸಬಹುದು, ಒಬ್ಬಿಬ್ಬರು ಅಲಗುಗಳ ಎಣಿಕೆಯನ್ನೇ ಮಾಡಲೂಬಹುದು. ಎರಡಕ್ಕೂ ಬೇಕಾದ ಪಾಠ ಒಂದೇ. ಸದ್ದನ್ನು ಮುಚ್ಚಿಡಲು ಹೋದರೆ ಬೆಲೆ ತೆರಬೇಕು. ಅದು ಹುಟ್ಟುವ ಕಾರಣವನ್ನು ತಿಳಿದರೆ ಎಷ್ಟೋ ವೇಳೆ ಲಾಭವೇ ಸಿಗುತ್ತದೆ.